ಹದಿಮೂರು ಮನೆ

ವಾಸ್ಕೋದ ಈ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಕಡತಗಳಿಗೂ ಗೆದ್ದಲಿಗೂ ನಾನೇ ಯಜಮಾನಿ.
ಮೇಲಿಂದ ಇಳಿದು ಬರುವ ಪ್ರತಿ ಕಾಯಿಲೆಗೂ
ಒಂದಕ್ಷರ, ಎರಡಂಕಿ, ಚುಕ್ಕಿ, ಮತ್ತೊಂದಂಕಿ.
ಇಲ್ಲಿ ಕೆಮ್ಮಿಗೆ ಸದ್ದಿಲ್ಲ, ಜ್ವರಕ್ಕೆ ಬಿಸಿಯಿಲ್ಲ.
ಡಾಕ್ಟರು ಬರೆದರೆ ಉಂಟು, ಬರೆಯದಿದ್ದರೆ ಇಲ್ಲ;
'ಇರಬಹುದು' ಎಂದರೂ ಇಲ್ಲ.

ಕಾರವಾರದವಳು, ಕನ್ನಡ ಬರುತ್ತದೆಂದು
ಆಗೀಗ ಮೇಲಕ್ಕೆ ಕರೆಯುತ್ತಾರೆ.
ಅವತ್ತು ಬಂದವಳು ಬೈನಾದ ನಿಂಬೆವ್ವ,
ಬಾದಾಮಿ ಬಿಟ್ಟು ಹತ್ತೊಂಬತ್ತು ವರ್ಷ,
ಬಂದರಿನ ರಸ್ತೆಗೆ ಜಲ್ಲಿ ಹೊತ್ತು ಒಂದು ಕಡೆ ವಾಲಿದ ಹೆಗಲು.
ಮಗಳು ಶಾಲೆಯ ಓಟದಲ್ಲಿ ಬಿದ್ದಿದ್ದಳು, ಮೂರನೇ ಸಲ.
ಮನೆಯಲ್ಲಿ ದ್ಯಾಮವ್ವ, ಶಾಲೆಯಲ್ಲಿ ದಿವ್ಯಾ,
ನಮ್ಮ ಚೀಟಿಯಲ್ಲಿ ದಮಯಾ.
ಹಳೆಯ ಕಾಗದದಲ್ಲಿ ಫಿಟ್ಸು,
ಎರಡು ವರ್ಷದಿಂದ ಅದರದೇ ಗುಳಿಗೆ.

"ಬುಟ್ಟ್ಯಾಗಿನ ಮೀನ ಒದ್ದಾಡಿದಂಗ ಆಕ್ಕೈತ್ರಿ ಎದ್ಯಾಗ,
ಆಮ್ಯಾಲೆ ಮೀನೂ ಇರಂಗಿಲ್ಲ, ಬುಟ್ಟೀನೂ ಇರಂಗಿಲ್ಲ."
ಕೊಂಕಣಿಯಲ್ಲಿ ನಾನು ಹೇಳಿದ್ದು ಇಷ್ಟೇ:
ಎದೆಬಡಿತ, ನಂತರ ಪ್ರಜ್ಞೆ ತಪ್ಪುತ್ತದೆ.
ಬುಟ್ಟಿ ನನ್ನ ಹತ್ತಿರವೇ ಉಳಿಯಿತು.

ಡಾಕ್ಟರ್ ಪ್ರಿಯೋಳ್ಕರ್ ಗುಲಾಬಿ ಕಾಗದ ಬಿಚ್ಚಿ
ಚೌಕಾಬಾರದ ಕಾಯಿ ನಡೆಸುವವರ ಹಾಗೆ
ಪೆನ್ನಿನ ತುದಿಯಿಂದ ಚಿಕ್ಕ ಚಿಕ್ಕ ಮನೆ ಎಣಿಸಿದರು.
ಹತ್ತು ಹನ್ನೊಂದಕ್ಕೆ ಇಳಿದು ಮುಗಿಯಬೇಕಾದ ಗೆರೆ
ಹದಿಮೂರನೇ ಮನೆಯಲ್ಲೂ ಕಾಲೆಳೆಯುತ್ತಿತ್ತು.
ಮತ್ತೊಮ್ಮೆ ಎಣಿಸಿದರು. ಹದಿಮೂರೇ.
"ಮನೆಯಲ್ಲಿ ಬೇರೆ ಯಾರಿಗಾದರೂ?" ಎಂದರು.

"ಹಿರಿಯಾಂವ ಇದ್ದಾರಿ, ಯಮನೂರ. ಹದಿನಾಕು.
ಸಮುದ್ರಕ್ಕ ಜಿಗದಾಂವ ಮ್ಯಾಲ ಬರಲಿಲ್ಲ.
ಈಸ ಬರತಿತ್ರಿ ಅವಗ! ಲಾಂಚಿನ ಮಂದಿ ಚಿಲ್ಲರೆ ಒಗದ್ರ
ತಳಾ ಮುಟ್ಟಿ ತರತಿದ್ದ.
ಕುಡದಿದ್ದ ಅಂದ್ರು.
ಘಾಟಿ ಹುಡುಗೂರು, ಕುಡದಿರತಾರ ಅಂದ್ರು."

ಕೆಳಗಿಳಿದು ಹುಡುಕಿದೆ. ಮೂರನೇ ಕಪಾಟು,
ಮಳೆಗಾಲದ ನೀರು ಕುಡಿದು ಉಬ್ಬಿದ ಕಟ್ಟು.
ಎರಡೇ ಹಾಳೆ. ನೀರಿನಲ್ಲಿ ಮುಳುಗಿ ಸಾವು,
ಡಬ್ಲ್ಯೂ ಅರವತ್ತೊಂಬತ್ತು.
ಪಕ್ಕದಲ್ಲಿ ತಾರೀಖು, ಹದಿನೇಳು.
ಏಳರ ನಡುವಿಗೆ ಅಡ್ಡಗೆರೆ ಎಳೆಯುವವಳು
ಈ ಆಸ್ಪತ್ರೆಯಲ್ಲಿ ನಾನೊಬ್ಬಳೇ.

ಆ ದಿನ ಊಟಕ್ಕೆ ಮುಂಚೆ ಬರೆದೆನೋ, ಆಮೇಲೋ.
ನೆನಪಿಲ್ಲ.

ದ್ಯಾಮವ್ವನ ಫೈಲಿನ ಪ್ರಶ್ನಾರ್ಥಕ ಚಿಹ್ನೆಗೆ
ನೀಲಿ ಚೀಟಿ ಅಂಟಿಸಿ ಕಳಿಸಿದೆ: ದಯವಿಟ್ಟು ಸ್ಪಷ್ಟಪಡಿಸಿ.
ಚಿಹ್ನೆ ಅಳಿದು ಬಂತು. ಹೆಸರು ಬಂತು.
ಫಿಟ್ಸಿನ ಮೇಲೆ ಒಂದೇ ಗೆರೆ ಎಳೆದೆ;
ತಪ್ಪೂ ಓದಲು ಸಿಗಬೇಕು, ಅದು ನಿಯಮ.
ಹೊಸ ಸಂಖ್ಯೆ: ಐ ನಲವತ್ತೈದು, ಚುಕ್ಕಿ, ಎಂಟು.
ಪುಸ್ತಕದಲ್ಲಿ ಅದರ ತಲೆಬರಹ: ಇತರೆ, ನಿರ್ದಿಷ್ಟ.
ಇಲ್ಲಿಯ ಪ್ರತಿ ಫಾರಮ್ಮಿನಲ್ಲೂ ನಿಂಬೆವ್ವನ ಗುರುತು
'ಇತರೆ' ಎಂಬಲ್ಲೇ ಬಿದ್ದದ್ದು.
'ನಿರ್ದಿಷ್ಟ' ಎಂದು ಯಾರೂ ಅಂದಿರಲಿಲ್ಲ.

ತಾಯಿಯದೂ ತೆಗೆಯಿರಿ ಎಂದರು ಡಾಕ್ಟರು.
ತಾಳಿ ಬಿಗಿಹಿಡಿದು ಮಲಗಿದಳು.
ಹನ್ನೆರಡೂವರೆ ಮನೆ.
ಎದ್ದು ಕೂತು ಸೆರಗು ಹೊದ್ದು ಕೇಳಿದಳು:
"ನಾ ಕೊಟ್ಟಿದ್ದೇನ್ರಿ ಇದು?"
ಅದನ್ನು ಮಾತ್ರ ಕೊಂಕಣಿಗೆ ತಿರುಗಿಸಲಿಲ್ಲ.

ಓಡಬಾರದು, ಈಜಬಾರದು, ಗುಳಿಗೆ ತಪ್ಪಬಾರದು.
ಚೀಟಿಯನ್ನು ಎಲೆಚೀಲಕ್ಕೆ ತುರುಕಿ
ಬಾಗಿಲವರೆಗೆ ಹೋದವಳು ತಿರುಗಿ ಬಂದಳು.
"ಅಕ್ಕಾರ, ಯಮನೂರಗೂ ಇದ ನಂಬರ ಬರೀರಲ್ಲ.
ಕುಡದಿರಲಿಲ್ಲ ಅಂತ ಆಕ್ಕೈತಿ."

ಸತ್ತವನ ಎದೆಗೆ ಗುಲಾಬಿ ಕಾಗದವಿಲ್ಲ.
ಬರೆಯುವ ಡಾಕ್ಟರಿಲ್ಲ. ಬರೆಯದಿದ್ದರೆ ಇಲ್ಲ.
ಅವಳಿಗೆ ಹೇಳಿದೆ. ತಲೆಯಾಡಿಸಿದಳು,
ರೇಶನ್ ಅಂಗಡಿಯಲ್ಲಿ ಸಕ್ಕರೆ ಮುಗಿಯಿತೆಂದರೆ ಆಡಿಸುವ ಹಾಗೆ.

ಸಂಜೆ, ತಂಗಿಯ ಫೈಲಿನಲ್ಲಿ,
ಝಡ್ ಎಂಬತ್ತೆರಡು, ಚುಕ್ಕಿ, ನಾಲ್ಕು, ಕುಟುಂಬದ ಇತಿಹಾಸ,
ಇನ್ನೊಂದು ನೀಲಿ ಚೀಟಿ ಇಟ್ಟೆ:
ತಾಯಿ, ಹನ್ನೆರಡೂವರೆ ಮನೆ.
ಅಣ್ಣ, ವಯಸ್ಸು ಹದಿನಾಲ್ಕು, ನೀರಿನಲ್ಲಿ.
ಸ್ವಲ್ಪ ಜಾಗ ಉಳಿದಿತ್ತು.
ಈಜು ಬರುತ್ತಿತ್ತು, ಎಂದು ಬರೆದೆ.

ಪ್ರಿಯೋಳ್ಕರ್ ಕನ್ನಡಕ ಏರಿಸಿ ಎರಡು ಸಲ ಓದಿ
ಸಹಿ ಹಾಕಿದರು.